ಅಲೆನ್ ಸಂಸ್ಥೆಯ ‘ಟ್ರಾನ್ಸ್‌ಕ್ರಿಪ್ಟಾಮಿಕ್ಸ್ ಎಕ್ಸ್‌ಪ್ಲೋರರ್’: ಬಣ್ಣದ ಕೋಷ್ಟಕಕ್ಕೆ ಪೂರ್ಣ ಅಂಕ, ಚುಕ್ಕೆಗಳ ನಕ್ಷೆಗೆ ಅರ್ಧ

ಸಿಯಾಟಲ್‌ನಲ್ಲಿ ಪಾಲ್ ಅಲೆನ್ 2003ರಲ್ಲಿ ಸ್ಥಾಪಿಸಿದ ಮಿದುಳು ವಿಜ್ಞಾನ ಸಂಸ್ಥೆಯು ಉಚಿತವಾಗಿ ತೆರೆದಿಟ್ಟಿರುವ ಈ ಸಾಧನವು, ಮನುಷ್ಯನ ಮಿದುಳಿನ ಕಾರ್ಟೆಕ್ಸ್‌ನ (ಹೊರಪದರದ) ಯಾವ ಬಗೆಯ ಕೋಶದಲ್ಲಿ ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದನ್ನು ಬ್ರೌಸರ್‌ನಲ್ಲಿಯೇ ತೋರಿಸುತ್ತದೆ.

ಇದರ ಹಿಂದಿರುವ ಕೆಲಸ ಸಣ್ಣದಲ್ಲ. ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಪಕ್ಕದ ಭಾಗದಲ್ಲಿರುವ ಮಧ್ಯ ಟೆಂಪೊರಲ್ ಮಡಿಕೆಯಿಂದ ತೆಗೆದ 15,928 ಕೋಶಕೇಂದ್ರಗಳ ಆರ್‌ಎನ್‌ಎಯನ್ನು (ಸಕ್ರಿಯ ಜೀನ್‌ಗಳಿಂದ ಹೊರಡುವ ಪ್ರತಿಯನ್ನು) ಒಂದೊಂದಾಗಿ ಓದಿ ಕೋಶಗಳ 75 ಬಗೆಗಳನ್ನು ಗುರುತಿಸಿದ್ದರು. ಅವುಗಳಲ್ಲಿ 45 ಇತರ ಕೋಶಗಳ ಚಟುವಟಿಕೆಗೆ ತಡೆಯೊಡ್ಡುವ ನರಕೋಶಗಳು, 24 ಅದನ್ನು ಹೆಚ್ಚಿಸುವ ಪ್ರಚೋದಕ ನರಕೋಶಗಳು, ಉಳಿದ 6 ನರಕೋಶಗಳೇ ಅಲ್ಲ. ಇಡೀ ಕೋಶವನ್ನು ಬಿಟ್ಟು ಕೇಂದ್ರವನ್ನಷ್ಟೇ ಓದಿದ್ದೇಕೆಂದರೆ, ಹೆಪ್ಪುಗಟ್ಟಿಸಿಟ್ಟ ಅಂಗಾಂಶದಲ್ಲಿ ಕೋಶ ಒಡೆದುಹೋದರೂ ಕೇಂದ್ರ ಉಳಿದಿರುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹೀಟ್‌ಮ್ಯಾಪ್, ಅಂದರೆ ಜೀನ್‌ನ ಸಕ್ರಿಯತೆಯನ್ನು ಬಣ್ಣದಲ್ಲಿ ತೋರಿಸುವ ಕೋಷ್ಟಕ. ಜಿಎಡಿ1 ಎಂಬ ಜೀನನ್ನು ಹುಡುಕಿದರೆ ತಡೆಯೊಡ್ಡುವ ನರಕೋಶಗಳ ಕಂಬಗಳು ಬೆಳಗುತ್ತವೆ, ಎಸ್‌ಎಲ್‌ಸಿ17ಎ7 ಎಂದರೆ ಪ್ರಚೋದಕಗಳದ್ದು. ಆದರೆ ಪಿವಿಎಎಲ್‌ಬಿ, ಎಸ್‌ಎಸ್‌ಟಿ, ವಿಐಪಿ, ಎಲ್‌ಎಎಂಪಿ5 ಎಂಬ ಜೀನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ನಿಜವಾದ ಸಂಗತಿ ಕಣ್ಣಿಗೆ ಕಟ್ಟುತ್ತದೆ: ಹತ್ತಿರದ ಬಗೆಗಳನ್ನು ಬೇರ್ಪಡಿಸುವುದು ಸಾಮಾನ್ಯವಾಗಿ ಒಂದೇ ಜೀನ್ ಅಲ್ಲ, ಹಲವು ಜೀನ್‌ಗಳ ಏರಿಳಿತದ ವಿನ್ಯಾಸ. ಕೋಶದ ಹೆಸರುಗಳೂ ಹೀಗೆಯೇ ಹುಟ್ಟಿವೆ. ಮೊದಲು ವರ್ಗ, ಬಳಿಕ ಕಾರ್ಟೆಕ್ಸ್‌ನಲ್ಲಿ ಕೋಶವಿರುವ ಪದರ, ಕೊನೆಗೆ ಗುರುತಿನ ಜೀನ್‌ಗಳು. ರೈಲು ಟಿಕೆಟ್ಟಿನ ಸಂಖ್ಯೆಯಂತೆ ಒರಟಾಗಿ ಕಂಡರೂ ಒಮ್ಮೆ ಅಭ್ಯಾಸವಾದರೆ ಹೆಸರಿನಿಂದಲೇ ಕೋಶದ ವಿಳಾಸ ತಿಳಿಯುತ್ತದೆ.

ಒಂದೊಂದು ಕೋಶವನ್ನು ಒಂದೊಂದು ಚುಕ್ಕೆಯಾಗಿ ತೋರಿಸುವ ನಕ್ಷೆಯ ಬಗ್ಗೆ ಅಷ್ಟು ಉತ್ಸಾಹವಿಲ್ಲ. ಅದು ನೋಡಲು ಸೊಗಸು. ಆದರೆ ಸಾವಿರಾರು ಜೀನ್‌ಗಳ ಮಾಹಿತಿಯನ್ನು ಎರಡು ಆಯಾಮಕ್ಕೆ ಇಳಿಸಿರುವುದರಿಂದ, ದೂರದ ಗುಂಪುಗಳ ನಡುವಿನ ಅಂತರವನ್ನು ಅಳತೆಯೆಂದು ನಂಬುವಂತಿಲ್ಲ. ಎರಡನೆಯ ಮತ್ತು ಮೂರನೆಯ ಪದರಗಳ ಪ್ರಚೋದಕ ಕೋಶಗಳಲ್ಲಂತೂ ಒಂದು ಬಗೆ ಇನ್ನೊಂದರೊಳಕ್ಕೆ ಮೆಲ್ಲನೆ ಕರಗುತ್ತದೆ. ಬೇರೆ ಬೇರೆ ಬಣ್ಣ ಬಳಿದ ಕೂಡಲೇ ಅಲ್ಲಿ ಬೇಲಿ ಇದ್ದಂತೆ ಭಾಸವಾಗುತ್ತದೆ.

ಇಲಿಯ ಕಾರ್ಟೆಕ್ಸ್‌ನ ದತ್ತಾಂಶವೂ ಇಲ್ಲಿಯೇ ದೊರೆಯುವುದು ದೊಡ್ಡ ಅನುಕೂಲ. ಎರಡೂ ಜೀವಿಗಳಲ್ಲಿ ಸರಿಹೊಂದುವ ಕೋಶಗಳಿದ್ದರೂ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಗುರುತಿಸುವ ಗ್ರಾಹಕಗಳ ಜೀನ್‌ಗಳ ಬಳಕೆ ಬಹಳ ಭಿನ್ನವಾಗಿರುವುದನ್ನು 2019ರ ಅಧ್ಯಯನವೇ ಎತ್ತಿ ತೋರಿಸಿತ್ತು. ಇಲಿಯ ಮೇಲೆ ಔಷಧ ಪರೀಕ್ಷಿಸುವವರು ಈ ಹೋಲಿಕೆಯನ್ನು ಮೊದಲು ನೋಡಬೇಕು.

ಮೂಲ ಕೋಷ್ಟಕಗಳನ್ನು ಇಳಿಸಿಕೊಳ್ಳುವವರು ಎಕ್ಸೆಲ್‌ನ ಆಸೆ ಬಿಟ್ಟು, ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಸಾಕಷ್ಟು ರ್‍ಯಾಮ್ ಇರುವ ಕಂಪ್ಯೂಟರನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು.