ತಾಜ್‌ಮಹಲ್ ಸೂರ್ಯೋದಯ: ನಡುರಾತ್ರಿಯ ಟೂರ್ ಕಾರೋ, ಆಗ್ರಾದಲ್ಲೇ ಒಂದು ನಿದ್ದೆಯೋ?

ದೆಹಲಿಯಲ್ಲಿ ಕೆಲಸ ಮಾಡುವ ಕನ್ನಡದವರಿಗೆ ಇದು ತಪ್ಪಿದ್ದಲ್ಲ. ಊರಿಂದ ಯಾರೇ ಬಂದರೂ ಎರಡನೇ ದಿನ ಕೇಳುವುದು ಒಂದೇ ಮಾತು, “ತಾಜ್‌ಮಹಲ್‌ಗೆ ಯಾವಾಗ?” ನಾನು ನಾಲ್ಕು ತಿಂಗಳಲ್ಲಿ ಎರಡು ಸಲ ಹೋಗಿಬಂದೆ. ನವೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ, ಗೈಡ್ ಸಮೇತದ ಸನ್‌ರೈಸ್ ಟೂರ್ ಕಾರಿನಲ್ಲಿ. ಫೆಬ್ರವರಿಯಲ್ಲಿ ಅತ್ತೆ ಮಾವನ ಜೊತೆ, ಹಿಂದಿನ ಸಂಜೆಯೇ ರೈಲು ಹತ್ತಿ, ಅಲ್ಲೇ ಮಲಗಿ. ಎರಡನೆಯದೇ ಸರಿ ಅಂತ ಈಗಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಕೇಳಿದರೆ ಕೋಡುಬಳೆಯಿಂದ ಶುರು ಮಾಡಬೇಕು.

ಟೂರ್‌ನವರ ಕಾರು ರಾತ್ರಿ ಎರಡೂಮುಕ್ಕಾಲಿಗೆ ಮನೆ ಮುಂದೆ ನಿಂತಿತ್ತು. ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್, ರಸ್ತೆ ಬಗ್ಗೆ ದೂರಿಲ್ಲ. ಮಧ್ಯೆ ಒಂದು ಕಡೆ ಟೀ. ಆರು ಗಂಟೆಗೆ ಶಿಲ್ಪಗ್ರಾಮದ ಪಾರ್ಕಿಂಗ್‌ನಲ್ಲಿದ್ದೆವು. ಪೆಟ್ರೋಲ್, ಡೀಸೆಲ್ ಗಾಡಿಗಳು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಗೈಡ್ ಸಿಕ್ಕಿದ್ದೂ ಅಲ್ಲೇ. ಬ್ಯಾಟರಿ ಗಾಡಿಯಲ್ಲಿ ಸುಮಾರು ಒಂದು ಕಿಲೋಮೀಟರ್ ಹೋದರೆ ಪೂರ್ವದ ಗೇಟು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಬಾಗಿಲು ತೆಗೆಯುತ್ತಾರೆ. ಎಲ್ಲ ಲೆಕ್ಕದ ಪ್ರಕಾರವೇ ಇತ್ತು.

ಅಮ್ಮನ ಬ್ಯಾಗ್ ಮಷೀನಿನೊಳಗೆ ಹೋಗಿ ಆಚೆ ಬಂತು. ಸೆಕ್ಯೂರಿಟಿಯವರು ಝಿಪ್ ಎಳೆದರೆ ಸ್ಟೀಲ್ ಡಬ್ಬ. ಮುಚ್ಚಳ ತೆಗೆದ ಕೂಡಲೇ ಇಂಗಿನ ವಾಸನೆ. ಕಾರಿನಲ್ಲಿ ಹಸಿವಾದರೆ ಇರಲಿ ಅಂತ ಅಮ್ಮ ಹಾಸನದಿಂದ ತಂದಿದ್ದ ಕೋಡುಬಳೆ. ತಿನ್ನುವ ಪದಾರ್ಥ ಯಾವುದೂ ಒಳಗೆ ಹೋಗುವಂತಿಲ್ಲ, ನೀರಿನ ಬಾಟಲಿ ಮಾತ್ರ ಸರಿ. ಇದನ್ನು ಗೈಡ್ ಪಾರ್ಕಿಂಗ್‌ನಲ್ಲೇ ಒಂದು ಮಾತು ಹೇಳಿದ್ದರೆ ಡಬ್ಬ ಕಾರಿನಲ್ಲೇ ಇರುತ್ತಿತ್ತು. ಹೇಳಲಿಲ್ಲ. ಅವನಿಗೆ ಅದು ದಿನದ ಕೆಲಸ, ಮರೆತಿರಬೇಕು.

ಕಸದ ಬುಟ್ಟಿ ಪಕ್ಕದಲ್ಲೇ ಇತ್ತು. ನಾನು ಆ ಕಡೆ ನೋಡಿದ್ದಷ್ಟೇ. “ಅರ್ಧ ದಿನ ಒಲೆ ಮುಂದೆ ನಿಂತು ಮಾಡಿದ್ದು ಕಣೋ, ಬಿಸಾಕ್ತೀಯಾ?” ಅಂದರು ಅಮ್ಮ. “ನಾನು ಇಟ್ಟು ಬರ್ತೀನಿ, ನೀವು ಹೋಗಿ” ಅಂದರು ಅಪ್ಪ. ಅಪ್ಪನಿಗೆ ಹಿಂದಿ ಬರಲ್ಲ. ಕೊನೆಗೆ ನಾನೇ ಡಬ್ಬ ಹಿಡಿದು ಲಾಕರ್ ಹುಡುಕಿಕೊಂಡು ಹೊರಟೆ. ಅಲ್ಲೊಂದು ಕ್ಯೂ. ವಾಪಸ್ ಬಂದರೆ ತಪಾಸಣೆಗೆ ಮತ್ತೆ ಕ್ಯೂ, ಅಷ್ಟರಲ್ಲಿ ಎರಡು ಬಸ್ಸಿನ ಜನ ಸೇರಿದ್ದರು. ಅಪ್ಪ ಅಮ್ಮ ನನ್ನ ಬಿಟ್ಟು ಮುಂದೆ ಹೋಗಲಿಲ್ಲ. ಗೈಡ್ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದ. ದೊಡ್ಡ ದರ್ವಾಜಾ ದಾಟುವಾಗ ಸೂರ್ಯ ಮಾರುದ್ದ ಮೇಲೆ ಬಂದಾಗಿತ್ತು. ತಾಜ್ ಬೆಳ್ಳಗೆ ಹೊಳೆಯುತ್ತಿತ್ತು. ಚೆನ್ನಾಗಿಯೇ ಇತ್ತು, ಇಲ್ಲ ಅನ್ನಲ್ಲ. ಆದರೆ ಹತ್ತು ಗಂಟೆಗೆ ಬಂದವರಿಗೂ ಅದೇ ಬಿಳಿ ಸಿಗುತ್ತದೆ, ಅಲ್ವಾ? ಮೂರು ಜನಕ್ಕೆ ₹8,500 ಕೊಟ್ಟು ನಿದ್ದೆ ಕೆಟ್ಟಿದ್ದು ಅದಕ್ಕಲ್ಲ.

ಗೈಡ್‌ನಿಂದ ಲಾಭವೇ ಇಲ್ಲ ಅಂತಲ್ಲ. ಬಾಗಿಲ ಸುತ್ತಿನ ಕಪ್ಪು ಅಕ್ಷರಗಳು ಮೇಲೆ ಹೋದಂತೆ ದೊಡ್ಡದಾಗುತ್ತವೆ, ಅದಕ್ಕೇ ಕೆಳಗಿಂದ ಎಲ್ಲವೂ ಒಂದೇ ಅಳತೆ ಕಾಣುತ್ತವೆ ಅಂತ ತೋರಿಸಿದ. ನಾಲ್ಕು ಮಿನಾರುಗಳು ಸ್ವಲ್ಪ ಹೊರಕ್ಕೆ ವಾಲಿವೆ. ಮುಮ್ತಾಜ್ ಗೋರಿ ನಟ್ಟನಡುವೆ, ಶಾಹಜಹಾನನದು ಪಕ್ಕಕ್ಕೆ. ಇಷ್ಟು ಲೆಕ್ಕದ ಕಟ್ಟಡದಲ್ಲಿ ಸಾಲು ತಪ್ಪಿದ್ದು ಕಟ್ಟಿಸಿದವನೇ! ಆಮೇಲೆ ‘ಮಾರ್ಬಲ್ ಫ್ಯಾಕ್ಟರಿ’ ಅಂತ ಒಂದು ಅಂಗಡಿಗೆ ಕರೆದುಕೊಂಡು ಹೋದ. ಮುಕ್ಕಾಲು ಗಂಟೆ, ₹900ರ ಕುಂಕುಮದ ಡಬ್ಬಿ. ಸಾಕು ಬಿಡಿ.

ಫೆಬ್ರವರಿಯಲ್ಲಿ ಹೀಗೆ ಮಾಡಿದೆ. ಮಧ್ಯಾಹ್ನದ ನಂತರ ದೆಹಲಿಯಿಂದ ದಕ್ಷಿಣದ ಕಡೆ ಹೋಗುವ ರೈಲುಗಳು ಬೇಕಾದಷ್ಟಿವೆ, ಹೆಚ್ಚಿನವು ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತವೆ. (ಗತಿಮಾನ್ ನೂರು ನಿಮಿಷಕ್ಕೆ ಮುಟ್ಟಿಸುತ್ತದೆ, ಆದರೆ ನಿಜಾಮುದ್ದೀನ್ ಬಿಡುವುದೇ ಬೆಳಗ್ಗೆ ಎಂಟು ದಾಟಿದ ಮೇಲೆ. ಸೂರ್ಯೋದಯಕ್ಕೆ ಪ್ರಯೋಜನವಿಲ್ಲ.) ಪೂರ್ವದ ಗೇಟಿನಿಂದ ನಡೆದು ಹೋಗುವಷ್ಟು ಹತ್ತಿರ ಎರಡು ರೂಮು ಮಾಡಿದೆ. ಗೀಸರ್ ಕೆಲಸ ಮಾಡಲಿಲ್ಲ, ಮಾವ ತಣ್ಣೀರಲ್ಲೇ ಮುಖ ತೊಳೆದು ಒಂದೆರಡು ಮಾತು ಅಂದರು. ಟಿಕೆಟ್ ರಾತ್ರಿಯೇ ಫೋನಿನಲ್ಲಿ ತೆಗೆದೆ. ಒಳಗೆ ಹೋಗಲು ₹50, ಗೋರಿ ಇರುವ ಮುಖ್ಯ ಕಟ್ಟಡಕ್ಕೆ ಇನ್ನೂ ₹200. ಬ್ಯಾಗುಗಳೆಲ್ಲ ರೂಮಿನಲ್ಲೇ. ಜೇಬಲ್ಲಿ ಫೋನು, ಕೈಯಲ್ಲಿ ನೀರು. ತಪಾಸಣೆ ಎರಡು ನಿಮಿಷ.

ಸೂರ್ಯ ತಾಜ್‌ನ ಹಿಂದಿನಿಂದ ಹುಟ್ಟುತ್ತಾನೆ ಅಂದುಕೊಂಡಿದ್ದೆ. ಅಲ್ಲ. ದರ್ವಾಜಾದಲ್ಲಿ ನಿಂತರೆ ನಮ್ಮ ಮುಖ ಉತ್ತರಕ್ಕೆ, ಯಮುನೆ ಕಡೆಗೆ. ಬಿಸಿಲು ಬರುವುದು ಬಲಗಡೆಯಿಂದ. ಮೊದಲು ಇಡೀ ಕಟ್ಟಡ ಬೂದಿ ಬಣ್ಣ. ಆಮೇಲೆ ಗುಮ್ಮಟದ ಬಲ ಅಂಚಿಗೆ ಮಾತ್ರ ತೆಳ್ಳಗೆ ಕೇಸರಿ ಹಾಲು ಸವರಿದ ಹಾಗೆ. ಎಡಭಾಗ ಇನ್ನೂ ಬೂದಿಯೇ. ಹತ್ತು ನಿಮಿಷದಲ್ಲಿ ಆ ಬಣ್ಣ ಹೋಗಿ ಎಲ್ಲ ಬೆಳ್ಳಗಾಯಿತು. ನವೆಂಬರ್‌ನಲ್ಲಿ ಲಾಕರ್ ಕ್ಯೂನಲ್ಲಿ ಹೋಗಿದ್ದು ಈ ಹತ್ತು ನಿಮಿಷ.

“ಅಲ್ಲ ಅಳಿಯಂದ್ರೇ, ಗುಮ್ಮಟ ನಮ್ಮ ಗೋಳಗುಮ್ಮಟಕ್ಕಿಂತ ಸಣ್ಣದಲ್ವಾ?” ಅಂದರು ಮಾವ. ಬ್ಯಾಂಕ್ ಕೆಲಸದಲ್ಲಿ ವಿಜಯಪುರದಲ್ಲಿದ್ದವರು. ಮಾತು ನಿಜ, ಗೋಳಗುಮ್ಮಟದ ಹೊರ ಅಡ್ಡಳತೆ 44 ಮೀಟರ್. ಕಾಲವೂ ಹೆಚ್ಚುಕಡಿಮೆ ಅದೇ. ಅತ್ತೆ ಮಾತ್ರ, “ಸುಮ್ನೆ ನೋಡ್ರಿ” ಅಂದರು.

ಖರ್ಚು ರೈಲು, ರೂಮು, ಆಟೋ, ಟಿಕೆಟ್ ಎಲ್ಲ ಸೇರಿ ₹5,500ರ ಆಸುಪಾಸು. ಗೈಡ್ ಇರಲಿಲ್ಲ, ನವೆಂಬರ್‌ನಲ್ಲಿ ಕಲಿತಿದ್ದನ್ನೇ ಒಪ್ಪಿಸಿದೆ. ಒಂದೇ ದಿನ ರಜೆ ಇರುವವರಿಗೆ ಕಾರು ಬಿಟ್ಟು ಗತಿ ಇಲ್ಲ, ಅದೂ ಡಿಸೆಂಬರ್, ಜನವರಿಯ ಮಂಜಿನಲ್ಲಿ ಬೇಡವೇ ಬೇಡ. ನಮ್ಮವರಿಗೆ ಇನ್ನೊಂದು ಅನುಕೂಲ ಇದೆ. ಬೆಂಗಳೂರಿನ ಕರ್ನಾಟಕ ಎಕ್ಸ್‌ಪ್ರೆಸ್ಸೂ ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತದೆ. ಅತ್ತೆ ಮಾವನ ಪ್ರವಾಸದ ಕೊನೇ ದಿನಕ್ಕೇ ತಾಜ್ ಇಟ್ಟುಕೊಂಡು, ಹಗಲು ಕೋಟೆ ತೋರಿಸಿ, ರಾತ್ರಿ ಅಲ್ಲಿಂದಲೇ ಹತ್ತಿಸಿದೆ.

ಮುಂದಿನ ತಿಂಗಳು ಚಿಕ್ಕಮ್ಮ ಬರುತ್ತಾರಂತೆ. ವಾಪಸ್ ಟಿಕೆಟ್ ಶುಕ್ರವಾರಕ್ಕೆ ಮಾಡಿಸಿದ್ದರು. ಶುಕ್ರವಾರ ತಾಜ್ ಬಂದ್. ಗುರುವಾರಕ್ಕೆ ಬದಲಾಯಿಸಿದ್ದೇನೆ.