ಫ್ಲವರ್ ಕ್ಲಾಸ್ ಕಾರ್ವೆಟ್ ಕಿಟ್: ಒಡಲು ಚೆನ್ನ, ಕಂಬಿ ದಪ್ಪ

ಎರಡನೇ ಮಹಾಯುದ್ಧದ ಬ್ರಿಟಿಷ್ ಬೆಂಗಾವಲು ಹಡಗಿನ 1:144 ಅಳತೆಯ ಪ್ಲಾಸ್ಟಿಕ್ ಕಿಟ್ ಇದು. ಅಸಲಿ ಹಡಗು ಸುಮಾರು 62 ಮೀಟರ್ ಉದ್ದ. ಮೇಜಿನ ಮೇಲೆ 43 ಸೆಂ.ಮೀ. ಬರುತ್ತದೆ.

ಒಡಲೇ ಈ ಕಿಟ್‌ನ ಜೀವಾಳ. ಸ್ಮಿತ್ಸ್ ಡಾಕ್ ಎಂಬ ಹಡಗು ಕಟ್ಟುವ ಕಂಪನಿಯ ವಿಲಿಯಂ ರೀಡ್ ತಿಮಿಂಗಿಲ ಬೇಟೆಯ ಹಡಗನ್ನು ಮಾದರಿಯಾಗಿಟ್ಟುಕೊಂಡು ಅಸಲಿ ಹಡಗನ್ನು ವಿನ್ಯಾಸ ಮಾಡಿದರು. ಯುದ್ಧನೌಕೆ ಕಟ್ಟಿ ಅಭ್ಯಾಸವಿಲ್ಲದ ಸಣ್ಣ ಹಡಗುಕಟ್ಟೆಗಳೂ ಕಟ್ಟಬೇಕಿತ್ತಲ್ಲ! ಆ ಗಿಡ್ಡ, ದುಂಡು ಆಕಾರ ಇಲ್ಲಿ ಸರಿಯಾಗಿ ಬಂದಿದೆ. ಸಮುದ್ರದಲ್ಲಿ ವಿಪರೀತ ಹೊಯ್ದಾಡುತ್ತಿತ್ತು ಅಂದರೆ ನೋಡಿದ ತಕ್ಷಣ ನಂಬಬಹುದು. ಒಂದೇ ಪ್ರೊಪೆಲರ್, ಒಂದೇ ಸ್ಟೀಮ್ ಎಂಜಿನ್, ವೇಗ 16 ನಾಟ್ (ಗಂಟೆಗೆ ಸುಮಾರು 30 ಕಿ.ಮೀ.). ನೀರಿನ ಮೇಲೆ ಬಂದ ಜರ್ಮನ್ ಯು-ಬೋಟ್ (ಜಲಾಂತರ್ಗಾಮಿ) ಇದಕ್ಕಿಂತ ಜೋರಾಗಿ ಓಡುತ್ತಿತ್ತು. ಆದರೆ ನಿಧಾನವಾಗಿ ಸಾಗುವ ಸರಕು ಹಡಗುಗಳನ್ನು ಕಾಯಲು ಆಸ್ಡಿಕ್ (ಶಬ್ದದಿಂದ ಜಲಾಂತರ್ಗಾಮಿ ಹುಡುಕುವ ಸಾಧನ), ಡೆಪ್ತ್ ಚಾರ್ಜ್ (ನೀರಿನಡಿ ಸಿಡಿಯುವ ಬಾಂಬ್) ಮತ್ತು 4 ಇಂಚಿನ ತೋಪು ಇದ್ದವು.

ಮುಂಭಾಗದ ಮೇಲಿನ ಡೆಕ್‌ಗೆ ಗಿಡ್ಡ, ಉದ್ದ ಎರಡೂ ಭಾಗ ಕೊಟ್ಟಿದ್ದಾರೆ. ಇದು ಭಲೇ ಇಷ್ಟವಾಯಿತು. ಮೊದಮೊದಲ ಹಡಗುಗಳಲ್ಲಿ ಅಡುಗೆಮನೆ ಹಿಂದೆ, ನಾವಿಕರ ಜಾಗ ಮುಂದೆ. ತೆರೆದ ಡೆಕ್ ದಾಟಿ ತರುವಷ್ಟರಲ್ಲಿ ಊಟ ತಣ್ಣಗಾಗುತ್ತಿತ್ತು. ನಾನು ಗಿಡ್ಡದನ್ನೇ ಅಂಟಿಸಿದೆ.

ಡೆಕ್ ಅಂಚಿನ ಕಂಬಿಗಳು ಮಾತ್ರ ತೀರಾ ದಪ್ಪ. ಡೆಪ್ತ್ ಚಾರ್ಜ್‌ಗಳನ್ನು ಎರಡೆರಡು ಹೋಳು ಮಾಡಿದ್ದಾರೆ, ಜೋಡಿಸುವಾಗ ಕಣ್ಣು ಉರಿ. ಬಣ್ಣದ ಚಾರ್ಟ್ ಕಪ್ಪು-ಬಿಳುಪಿನಲ್ಲಿದೆ! ತಿಳಿ ನೀಲಿ ಯಾವುದು, ತಿಳಿ ಹಸಿರು ಯಾವುದು ಅಂತ ಹೇಗೆ ತಿಳಿಯಬೇಕು, ಅಲ್ವಾ? ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸಬರು ಇದರಿಂದ ಶುರು ಮಾಡಬೇಡಿ.