ಫೆಸ್‌ನ ಮದುವೆಗೆ ಬಾಡಿಗೆಯ ತಕ್‌ಶಿತಾ: ಒಂದು ನೆಗಾಫಾ ಮನೆಯ ಸೇವೆ

ಅಕ್ಕನ ಮಗಳ ಮದುವೆ ಮೊರಾಕೊದ ಫೆಸ್ ನಗರದ ಹುಡುಗನೊಂದಿಗೆ ನಿಶ್ಚಯವಾದಾಗ, ಹೆಣ್ಣಿನ ಕಡೆಯವರಾಗಿ ಅಲ್ಲಿಗೆ ಹೊರಟಿದ್ದ ನಾವು ಹನ್ನೊಂದು ಮಂದಿಗೂ ಮೊದಲು ಎದುರಾದದ್ದು ಉಡುಪಿನ ಪ್ರಶ್ನೆ. ನಮ್ಮ ಉಡುಪಿನಲ್ಲೇ ಬಂದರೂ ಸಂತೋಷವೇ, ಆದರೆ ವಧುವಿನ ತಾಯಿ ಮತ್ತು ಚಿಕ್ಕಮ್ಮಂದಿರು ತಕ್‌ಶಿತಾ ಎಂಬ ಅಲ್ಲಿನ ಸಮಾರಂಭದ ನಿಲುವಂಗಿ ತೊಟ್ಟು ಅವಳ ಪಕ್ಕದಲ್ಲಿ ನಿಂತರೆ ತಮ್ಮ ಮನೆಯ ಹಿರಿಯರಿಗೆ ಬಹಳ ಹಿತವೆನಿಸುತ್ತದೆ ಎಂದು ಬೀಗಿತ್ತಿ ಫೋನಿನಲ್ಲಿ ಹೇಳಿದ್ದರು. ಅವರೇ ನಮ್ಮನ್ನು ಮದೀನಾದ, ಅಂದರೆ ಫೆಸ್‌ನ ಹಳೆಯ ಊರಿನ, ಒಂದು ನೆಗಾಫಾ ಮನೆಗೆ ಕರೆದೊಯ್ದರು. ಅಲ್ಲಿ ನಮಗೆ ದೊರೆತ ಸೇವೆಯ ಒಳಿತು ಕೊರತೆಗಳನ್ನು, ಇದೇ ರೀತಿ ಬೀಗರಾಗಿ ಮೊರಾಕೊಗೆ ಹೋಗುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ವಧುವಿಗೆ ಉಡುಪು ತೊಡಿಸುವುದು, ಆಭರಣಗಳನ್ನು ಬಾಡಿಗೆಗೆ ಕೊಡುವುದು, ಯಾವ ಉಡುಪಿನ ನಂತರ ಯಾವುದು ಎಂದು ನಿರ್ಧರಿಸುವುದು, ಅವಳು ಯಾವ ಹೊತ್ತಿಗೆ ಅಮ್ಮಾರಿಯಾ ಏರಬೇಕೆಂದು ಹೇಳುವುದು ಎಲ್ಲವೂ ನೆಗಾಫಾಳ ಕೆಲಸ. ಅಮ್ಮಾರಿಯಾ ಎಂದರೆ ನಾಲ್ವರು ಹೆಗಲ ಮೇಲೆ ಹೊರುವ ಪಲ್ಲಕ್ಕಿ. ಆ ಹೆಸರು ನಮ್ಮ ‘ಅಂಬಾರಿ’ಗೆ ಎಷ್ಟು ಹತ್ತಿರವಾಗಿ ಕೇಳಿಸಿತೆಂದರೆ, ಮೊದಲ ಸಲ ಕಿವಿಗೆ ಬಿದ್ದಾಗ ಅಕ್ಕ ನನ್ನ ಮುಖ ನೋಡಿದಳು. ಇಂಥ ಮನೆಗಳಲ್ಲಿ ಹಲವು, ವಧುವಿನ ಸೇವೆಯ ಜೊತೆಗೆ ನೆಂಟರಿಗೂ ಉಡುಪುಗಳನ್ನು ಬಾಡಿಗೆಗೆ ಕೊಡುತ್ತವೆ.

ಬಾಬ್ ಬೂಜ್ಲೂದ್ ಹೆಬ್ಬಾಗಿಲಿನಿಂದ ತಲಾ ಕಬೀರಾ ಎಂಬ ಇಳಿಜಾರು ಬೀದಿ ಹಿಡಿದು, ಅತ್ತಾರೀನ್ ಪೇಟೆಯ ಆಚೆಗಿನ ಕಿಸ್ಸಾರಿಯಾ ಎಂಬ ಬಟ್ಟೆಬರೆಯ ಮಾರುಕಟ್ಟೆಯ ಕಡೆಗೆ ನಡೆಯಬೇಕು. 1981ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ಮದೀನಾದ ಓಣಿಗಳಲ್ಲಿ ಕಾರು ಓಡಾಡುವುದಿಲ್ಲ. ಸರಕು ಹೊತ್ತ ಹೇಸರಗತ್ತೆಗಳ ಹಿಂದಿನಿಂದ ‘ಬಾಲಕ್, ಬಾಲಕ್’ ಎಂಬ ಕೂಗು ಕೇಳಿದೊಡನೆ ಗೋಡೆಗೆ ಒರಗಿ ದಾರಿ ಬಿಡಬೇಕು. ಮಂಡಿನೋವಿರುವ ಹಿರಿಯರನ್ನು ಅಳತೆ ಕೊಡುವ ಒಂದು ದಿನ ಮಾತ್ರ ಅಲ್ಲಿಗೆ ಕರೆತಂದರೆ ಸಾಕು. ಶುಕ್ರವಾರ ಮಧ್ಯಾಹ್ನ ಅಂಗಡಿಗಳು ಮುಚ್ಚಿರುವುದರಿಂದ ಆ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು.

ಕಾಫ್ತಾನ್ ಒಂದೇ ಪದರದ ನಿಲುವಂಗಿಯಾದರೆ, ತಕ್‌ಶಿತಾ ಎರಡು ಪದರದ್ದು. ಒಳಗಿನದು ತಹ್ತಿಯಾ, ಅದರ ಮೇಲೆ ಮುಂಭಾಗ ತೆರೆದಿರುವ, ಕಸೂತಿ ತುಂಬಿದ ದ್ಫೀನಾ. ಅಂಚಿನುದ್ದಕ್ಕೂ ಓಡುವ ಹೆಣೆದ ಪಟ್ಟಿಗೆ ಸ್ಫೀಫಾ ಎಂದೂ, ರೇಷ್ಮೆಯ ಪುಟ್ಟ ಗಂಟುಗಳಂತಿರುವ ಗುಂಡಿಗಳಿಗೆ ಆಕಾದ್ ಎಂದೂ ಹೆಸರು. ಇವೆಲ್ಲವನ್ನೂ ಹಿಡಿದು ನಿಲ್ಲಿಸುವುದು ಮ್ದಮ್ಮಾ ಎಂಬ ಸೊಂಟಪಟ್ಟಿ. ಅದು ಒಂದು ಬೆರಳು ಕೆಳಗೆ ಜಾರಿದರೂ ಅಂಚು ನೆಲಕ್ಕೆ ತಾಗಿ, ನಡೆಯುವವರ ಕಾಲಿಗೆ ಸಿಕ್ಕುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ತಾಳ್ಮೆಯಿಂದ ಕಲಿಸಿದ್ದಕ್ಕಾಗಿ ಆ ಮನೆಯ ಒಡತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ನಾವು ಲಾಲ್ಲಾ ಎಂದು ಕರೆಯುತ್ತಿದ್ದ ಆಕೆ, ಭುಜ ಮತ್ತು ತೋಳಿನ ಅಳತೆಯನ್ನಷ್ಟೇ ತೆಗೆದುಕೊಂಡು, ಸೊಂಟದ ವಿಷಯವನ್ನು ಪಟ್ಟಿಗೆ ಬಿಟ್ಟರು. ಮದುವೆಯ ದಿನ ಹಾಕಿಕೊಳ್ಳುವ ಚಪ್ಪಲಿಯನ್ನೇ ತರಬೇಕೆಂದು ಹೇಳಿ, ಅದನ್ನು ಮೆಟ್ಟಿ ನಿಂತ ಮೇಲೆಯೇ ಅಂಚಿನ ಉದ್ದ ಗುರುತಿಸಿದರು. ಒಳಕೋಣೆಯಲ್ಲಿ ಕುಳಿತಿದ್ದ ಮಾಲಮ್, ಅಂದರೆ ಹಿರಿಯ ಕಸುಬುದಾರರು, ಬಿಚ್ಚಲು ಬರುವಂಥ ಹೊಲಿಗೆ ಹಾಕಿ ಅದನ್ನು ಎತ್ತಿಕೊಟ್ಟರು. ಕಳ್ಳಿಯ ರೇಷ್ಮೆಯೆಂದು ಹಲವೆಡೆ ಮಾರುವ ಸಬ್ರಾ ನೂಲು ಈಗ ಬಹುಮಟ್ಟಿಗೆ ರೇಯಾನ್ ಎಂದು ಅವರು ನಾವು ಕೇಳದೆಯೇ ತಿಳಿಸಿದರು.

ಅಕ್ಕನ ಮನಸ್ಸು ಚಿನ್ನದ ಎಳೆಯ ಕಸೂತಿಯಿದ್ದ ಕಡುನೀಲಿ ಮಖಮಲ್ಲಿನ ಮೇಲೆ ಹೋಗಿತ್ತು. ಅದರ ಬಾಡಿಗೆ 1,200 ದಿರ್ಹಮ್. ಆಗಸ್ಟ್ ತಿಂಗಳ ಸೆಖೆಯಲ್ಲಿ, ಬೆಳಗಿನ ಜಾವದವರೆಗೆ ಜನ ತುಂಬಿದ ಸಭಾಂಗಣದಲ್ಲಿ ಮಖಮಲ್ಲು ತೊಟ್ಟು ನಿಲ್ಲುವುದು ವಧುವಿನ ತಾಯಿಗೆ ಶಿಕ್ಷೆಯಾದೀತು ಎಂದು ಲಾಲ್ಲಾ ಅದನ್ನು ಬೇಡವೆಂದು, 700 ದಿರ್ಹಮಿನ ಹಗುರ ಬಟ್ಟೆಯೊಂದನ್ನು ಮುಂದಿಟ್ಟರು. ತಮಗೆ ಬರಬಹುದಾದ 500 ದಿರ್ಹಮ್ ಬಿಟ್ಟುಕೊಟ್ಟು ಹೇಳಿದ ಈ ಸಲಹೆ ಎಷ್ಟು ಸರಿಯಾಗಿತ್ತೆಂಬುದು ಮದುವೆಯ ರಾತ್ರಿ ನಮಗೆ ಅರ್ಥವಾಯಿತು. ಬಿಳಿಯ ಬಣ್ಣವನ್ನು ವಧುವಿಗೆ ಬಿಡಬೇಕೆಂದೂ, ಮದರಂಗಿಯ ರಾತ್ರಿ ಅವಳು ಹಸಿರು ತೊಡುವುದರಿಂದ ಅಂದು ನಾವು ಹಸಿರನ್ನು ತಪ್ಪಿಸಬೇಕೆಂದೂ ಅವರೇ ಎಚ್ಚರಿಸಿದರು.

ಗಂಡಸರ ವಿಭಾಗದ ಬಗ್ಗೆ ಇಷ್ಟು ಹೊಗಳಿಕೆ ಸಾಧ್ಯವಿಲ್ಲ. ಅಲ್ಲಿದ್ದ ಜಬಾದೋರ್‌ಗಳು, ಅಂದರೆ ಅಂಗಿ ಮತ್ತು ಷರಾಯಿಯ ಜೋಡಿಗಳು, ಕೆಲವೇ ಅಳತೆಯವು, ಒಂದೆರಡರ ಕಾಲರಿನಲ್ಲಿ ಹಳೆಯ ಕಲೆಯೂ ಇತ್ತು. ಬಾವನೂ ಉಳಿದ ಗಂಡಸರೂ ಕಿಸ್ಸಾರಿಯಾದಲ್ಲೇ ತಿಳಿಬಣ್ಣದ ಜಲ್ಲಾಬಾ ಎಂಬ ನಿಲುವಂಗಿ ಮತ್ತು ಬಲ್ಘಾ ಎಂಬ ಹಳದಿ ಚರ್ಮದ ಪಾದರಕ್ಷೆ ಕೊಂಡರು. ಹೊಸ ಬಲ್ಘಾದ ಅಡಿ ಅಮೃತಶಿಲೆಯ ನೆಲದ ಮೇಲೆ ಜಾರುತ್ತದೆ. ಎರಡು ದಿನ ಮೊದಲೇ ಮೆಟ್ಟಿ ಓಡಾಡಬೇಕು.

ಮುಂಗಡದ ವಿಷಯದಲ್ಲಿ ಒಂದು ಕಹಿ ಪ್ರಸಂಗ ನಡೆಯಿತು. ಅಲ್ಲಿನ ಕೆಲಸದಾಕೆ ಭದ್ರತೆಗಾಗಿ ನಮ್ಮ ಮೂಲ ಪಾಸ್‌ಪೋರ್ಟ್‌ಗಳನ್ನೇ ಇರಿಸಿಕೊಳ್ಳಲು ಕೇಳಿದಳು. ನಾವು ಒಪ್ಪಲಿಲ್ಲ. ಕೊನೆಗೆ ನಕಲು ಪ್ರತಿಯ ಜೊತೆಗೆ ಉಡುಪೊಂದಕ್ಕೆ 1,000 ದಿರ್ಹಮ್ ನಗದು ಇಟ್ಟು, ಫ್ರೆಂಚಿನಲ್ಲಿ ಬರೆದ ರಸೀತಿಯನ್ನು ಬೀಗಿತ್ತಿಯಿಂದ ಓದಿಸಿ ಪಡೆದೆವು. ಪರದೇಶದಲ್ಲಿ ಪಾಸ್‌ಪೋರ್ಟ್ ಕೈಬಿಡುವುದು ಎಷ್ಟೇ ಪರಿಚಯದವರಲ್ಲಿಯೂ ಸರಿಯಲ್ಲ, ಆ ಬೇಡಿಕೆಯನ್ನು ಈ ಮನೆಯವರು ಕೈಬಿಡಬೇಕು.

ಮದರಂಗಿ ಹಾಕಲು ನಕ್ಕಾಶಾ ಅದೇ ಮನೆಯಿಂದ ಬಂದಳು. ಫೆಸ್‌ನ ಶೈಲಿಯ ಕಿರಿದಾದ ಜ್ಯಾಮಿತಿಯ ವಿನ್ಯಾಸವನ್ನು ಪಿಚಕಾರಿಯಲ್ಲಿ ಬಿಡಿಸಿದ ಅವಳ ಕೈ ಒಮ್ಮೆಯೂ ನಡುಗಲಿಲ್ಲ. ಬೀದಿಯಲ್ಲಿ ಸಿಗುವ ‘ಕಪ್ಪು ಮದರಂಗಿ’ಯಲ್ಲಿ ಕೂದಲಿನ ಬಣ್ಣದ ರಾಸಾಯನಿಕ ಬೆರೆತಿದ್ದು ಚರ್ಮ ಸುಡಬಹುದಾದ್ದರಿಂದ, ಮನೆಗೇ ಕರೆಸಿಕೊಳ್ಳುವುದು ಕ್ಷೇಮ.

ಮದುವೆಯ ದಿನ ಸಂಜೆ ನಾಲ್ಕಕ್ಕೆ ಬರಬೇಕಿದ್ದ ಉಡುಪುಗಳು ಬಂದದ್ದು ಏಳೂವರೆಗೆ. ಸಮಾರಂಭ ರಾತ್ರಿ ಹತ್ತರ ನಂತರ ಆರಂಭವಾಗುವುದರಿಂದ ಉಸಿರು ಬಂದಂತಾಯಿತಾದರೂ, ಐದು ಸೊಂಟಪಟ್ಟಿಗಳಲ್ಲಿ ಎರಡು ಅದಲುಬದಲಾಗಿದ್ದವು. ಅತ್ತಿಗೆಗೆ ಬಂದ ಪಟ್ಟಿ ಕೊಂಡಿಗೇ ಎಟುಕಲಿಲ್ಲ. ಫೋನು ಮಾಡಿದ ಮುಕ್ಕಾಲು ಗಂಟೆಯಲ್ಲಿ ಸರಿಯಾದ ಪಟ್ಟಿಗಳೊಂದಿಗೆ ಒಬ್ಬ ಸಹಾಯಕಿಯನ್ನೂ ಕಳುಹಿಸಿಕೊಟ್ಟರು. ಆಕೆ ನಮ್ಮೆಲ್ಲರ ಪಟ್ಟಿ ಬಿಗಿದು, ಅಗಲವಾದ ತೋಳುಗಳನ್ನು ಊಟದ ಹೊತ್ತಿಗೆ ಒಳಕ್ಕೆ ಮಡಚಿ ಪಿನ್ನು ಹಾಕುವ ಕ್ರಮ ತೋರಿಸಿದಳು. ನಡುರಾತ್ರಿ ದಾಟಿದ ಮೇಲೆ ದುಂಡು ಮೇಜಿನ ನಡುವೆ ಬಸ್ತೀಲಾ ಎಂಬ ತೆಳುಪದರಗಳ ಹೂರಣದ ಖಾದ್ಯ, ಆ ಬಳಿಕ ಉಪ್ಪಿನ ನಿಂಬೆ ಮತ್ತು ಆಲಿವ್ ಹಾಕಿದ ಕೋಳಿಯ ದೊಡ್ಡ ತಟ್ಟೆ ಬಂದು, ಎಲ್ಲರೂ ಅದೊಂದರಿಂದಲೇ ಬಲಗೈಯಲ್ಲಿ ತಿನ್ನತೊಡಗಿದಾಗ, ಆ ಪಿನ್ನು ಇಲ್ಲದಿದ್ದರೆ ನಮ್ಮ ತೋಳುಗಳೆಲ್ಲ ಸಾರಿನಲ್ಲಿ ಅದ್ದಿರುತ್ತಿದ್ದವು.

ವಧುವಿನ ಸೇವೆಯಲ್ಲಿ ಒಂದು ಕೊರತೆಯನ್ನೂ ನಾನು ಕಾಣಲಿಲ್ಲ. ಐದು ಉಡುಪುಗಳಲ್ಲಿ ಫೆಸ್‌ನದೇ ಆದ ಲೆಬ್ಸಾ ಅತ್ಯಂತ ಭಾರದ್ದು: ಬಿರುಸಾದ ಜರತಾರಿ ಬಟ್ಟೆ, ಕಿರೀಟ, ಮುಖದ ಎರಡೂ ಬದಿಗೆ ಇಳಿಬಿದ್ದ ಮುತ್ತಿನ ಸರಗಳು. ಅದರೊಳಗೆ ಕುಳಿತ ಮಗು ಕತ್ತು ತಿರುಗಿಸಲಾರದೆ ಕಣ್ಣಿನಲ್ಲೇ ತಾಯಿಯನ್ನು ಹುಡುಕಿದಾಗ, ನೆಗಾಫಾ ಅದನ್ನು ಗಮನಿಸಿ ಅಕ್ಕನನ್ನು ಎದುರಿಗೆ ಕರೆದು ನಿಲ್ಲಿಸಿದರು; ಆಗಾಗ ಸ್ಟ್ರಾ ಹಿಡಿದು ತಾವೇ ನೀರು ಕುಡಿಸಿದರು. ಉಡುಪು ಬದಲಿಸುವ ಕೋಣೆಗೆ ತಾಯಿಗೆ ಪ್ರವೇಶವಿರಬೇಕೆಂದು ನಾವು ಮೊದಲೇ ಕೇಳಿಕೊಂಡಿದ್ದೆವು, ಅವರು ಆ ಮಾತನ್ನು ಐದೂ ಸಲ ಉಳಿಸಿಕೊಂಡರು. ಹಾಲು ಖರ್ಜೂರ ಕೊಡುವಾಗಲೂ, ಹೆಂಗಸರ ಯೂಯೂ ಕೇಕೆಯ ನಡುವೆ ಅಮ್ಮಾರಿಯಾ ಮೇಲೇಳುವಾಗಲೂ ನಾವು ಎಲ್ಲಿ ನಿಲ್ಲಬೇಕೆಂಬುದನ್ನು ಕೈಹಿಡಿದು ತೋರಿಸಿದರು.

ಮರುದಿನ ಸಂಜೆ ಉಡುಪುಗಳನ್ನು ಹಿಂದಿರುಗಿಸಿದೆವು. ನನ್ನ ದ್ಫೀನಾದಲ್ಲಿ ಒಂದು ಆಕಾದ್ ಕಿತ್ತುಹೋಗಿತ್ತು. ಲಾಲ್ಲಾ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಮಾಲಮ್ ಕಡೆಗೆ ದಾಟಿಸಿ, ಮುಂಗಡದಲ್ಲಿ ಏನನ್ನೂ ಹಿಡಿಯದೆ ಎಣಿಸಿಕೊಟ್ಟರು. ಹೊಸತು ತೊಟ್ಟವರಿಗೆ ಅಲ್ಲಿ ಹೇಳುವ ‘ಬಿಸ್ಸಹ್ಹಾ’ ಎಂಬ ಹಾರೈಕೆಯನ್ನು, ಉಡುಪು ಅವರ ಕೈ ಸೇರಿದ ಮೇಲೂ, ನಮ್ಮಲ್ಲಿ ಒಬ್ಬೊಬ್ಬರಿಗೂ ಹೇಳಿ ಬೀಳ್ಕೊಟ್ಟರು.